ಹಲ್ಲಿಗೆ ಕ್ಲಿಪ್: 26 ತಿಂಗಳು ಹಾಕಿಕೊಂಡವಳ ಅನುಭವ

ನಾನು ಮುಂಬೈ ಪಕ್ಕದ ಡೊಂಬಿವಲಿಯವಳು. ಅಪ್ಪ ಅಮ್ಮನ ಊರು ಕುಂದಾಪುರದ ಕಡೆ. 2021ರ ಅಕ್ಟೋಬರ್‌ನಲ್ಲಿ, 33 ವರ್ಷ ತುಂಬಿದ ಮೇಲೆ, ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡೆ. ಮಾಮೂಲಿ ಸ್ಟೀಲ್‌ದು. ತೆಗೆದದ್ದು 2023ರ ಡಿಸೆಂಬರ್‌ನಲ್ಲಿ. ಅವತ್ತೇ ಬರೆದಿದ್ದರೆ ಐದಕ್ಕೆ ಐದು ಕೊಡುತ್ತಿದ್ದೆ. ಈಗ ನಾಲ್ಕು.

ಮೇಲಿನ ಹಲ್ಲು ಉಬ್ಬು, ಕೆಳಗಿನವು ಸಂಜೆ ಲೋಕಲ್‌ನಲ್ಲಿ ನಿಂತವರ ಹಾಗೆ ಒಂದರ ಮೇಲೊಂದು. ಠಾಣೆಯ ಒಬ್ಬ ಆರ್ಥೊಡಾಂಟಿಸ್ಟ್ (ವಕ್ರ ಹಲ್ಲು ಸರಿಮಾಡುವ ಡಾಕ್ಟರ್) ಎಕ್ಸ್‌ರೇ ತೆಗೆಸಿ, ಅಚ್ಚು ತೆಗೆದು, ಜಾಗ ಸಾಲದು, ಕೋರೆ ಹಲ್ಲಿನ ಹಿಂದಿನ ನಾಲ್ಕು ಹಲ್ಲು ಕೀಳಬೇಕು ಎಂದರು. ಅಮ್ಮ ಕೇಳಿದ್ದು ಒಂದೇ ಮಾತು: "ಗಟ್ಟಿ ಹಲ್ಲು ಕೀಳ್ಸುದಾ? ನಿಂಗೆ ಮಂಡೆ ಸಮ ಇತ್ತಾ?" ಪಾರದರ್ಶಕ ಅಲೈನರ್, ಅಂದರೆ ಹಲ್ಲಿನ ಮೇಲೆ ಹಾಕಿ ತೆಗೆಯುವ ಕವಚ, ಅದನ್ನೂ ತೋರಿಸಿದ್ದರು. ಅದಕ್ಕೆ ದುಡ್ಡು ಜಾಸ್ತಿ. ದಿನಕ್ಕೆ 22 ಗಂಟೆ ಹಾಕಿಕೊಂಡಿರಬೇಕು. ಗಂಟೆಗೊಂದು ಚಹಾ ಕುಡಿಯುವವಳು ನಾನು, ತೆಗೆದಿಟ್ಟದ್ದನ್ನು ಮರೆಯುವವಳು ಬೇರೆ. ಬಿಚ್ಚಲಾಗದ ಕ್ಲಿಪ್ಪೇ ನನಗೆ ಸರಿ.

ನೋವಿನ ಬಗ್ಗೆ ಎಲ್ಲರೂ ಕೇಳುತ್ತಾರೆ. ಅಂಟಿಸುವಾಗ ನೋವೇ ಇಲ್ಲ. ಸಂಜೆಯಿಂದ ಶುರು. ಮೂರು ದಿನ ಗಂಜಿ, ಬಾಳೆಹಣ್ಣು. ವಾರದೊಳಗೆ ಸರಿಹೋಯಿತು. ಅದಕ್ಕಿಂತ ಕೆನ್ನೆ ಒಳಗಿನ ಹುಣ್ಣು ಕಾಟ ಕೊಟ್ಟಿತು. ಕ್ಲಿಪ್ಪಿನ ಮೇಲೆ ಒತ್ತುವ ಮೇಣ ಕೊಡುತ್ತಾರೆ, ಪರ್ಸ್‌ನಲ್ಲಿ ಸದಾ ಇರಲಿ. ಆಗಿನ್ನೂ ಮಾಸ್ಕ್ ಹಾಕುತ್ತಿದ್ದ ಕಾಲ, ಮೊದಲ ಆರು ತಿಂಗಳು ಆಫೀಸಿನಲ್ಲಿ ಅರ್ಧ ಜನಕ್ಕೆ ಗೊತ್ತೇ ಆಗಲಿಲ್ಲ.

ತಿಂಗಳಿಗೊಮ್ಮೆ ಹೋಗಬೇಕು. ಮೊದಲು ತೆಳು, ದುಂಡನೆಯ ತಂತಿ. ಎಷ್ಟು ಬಗ್ಗಿಸಿದರೂ ತನ್ನ ಆಕಾರಕ್ಕೆ ವಾಪಸ್ ಬರುವ ಗುಣ ಅದಕ್ಕೆ. ಹಾಗೆ ಬರುವಾಗ ಹಲ್ಲನ್ನೂ ಎಳೆದುಕೊಂಡು ಬರುತ್ತದೆ. ಆಮೇಲೆ ದಪ್ಪ, ಚೌಕನೆಯ ಸ್ಟೀಲ್ ತಂತಿ. ಹಲ್ಲು ಸರಿಯುವ ಕಡೆ ಮೂಳೆ ಕರಗಬೇಕು, ಬಿಟ್ಟು ಬಂದ ಕಡೆ ಹೊಸದಾಗಿ ಬೆಳೆಯಬೇಕು. ಗಡಿಬಿಡಿ ಮಾಡಿದರೆ ಆಗುವ ಕೆಲಸವಲ್ಲ ಅದು.

ಇನ್ನು ಊಟ. ಕೋರಿ ರೊಟ್ಟಿ ತಿನ್ನಬಹುದು, ಸಾರಿನಲ್ಲಿ ಪೂರ್ತಿ ನೆನೆದ ಮೇಲೆ. ಅದನ್ನು ಕೋರಿ ರೊಟ್ಟಿ ಅನ್ನಬಹುದಾ ಅನ್ನೋದು ಬೇರೆ ಪ್ರಶ್ನೆ. ಚಕ್ಕುಲಿ ಇಲ್ಲ. ಮಳೆಗಾಲದ ಸುಟ್ಟ ಭುಟ್ಟಾ ಕಚ್ಚುವ ಹಾಗಿಲ್ಲ, ಕಾಳು ಬಿಡಿಸಿ ತಿನ್ನಬೇಕು. ವಡಾ ಪಾವ್‌ಗೆ ತೊಂದರೆ ಇಲ್ಲ, ದೇವರು ದೊಡ್ಡವನು. ಲೋನಾವಳಾದ ಚಿಕ್ಕಿಗೆ ಒಂದು ಬ್ರಾಕೆಟ್ (ಹಲ್ಲಿಗೆ ಅಂಟಿಸಿದ, ತಂತಿ ಕೂರುವ ಪುಟ್ಟ ತುಂಡು) ಕಿತ್ತು ಬಂತು, ಮತ್ತೆ ಅಂಟಿಸಲು 500 ರೂಪಾಯಿ. ತಂತಿ ಹಿಡಿಯುವ ಪುಟ್ಟ ರಬ್ಬರ್ ರಿಂಗನ್ನು ಬಿಳಿ ಬಣ್ಣದ್ದು ಹಾಕಿಸಿಕೊಳ್ಳಬೇಡಿ. ನಮ್ಮ ಅಡಿಗೆಯ ಅರಿಶಿನಕ್ಕೆ ಎರಡೇ ದಿನದಲ್ಲಿ ಹಳದಿ. ಬೂದು ಬಣ್ಣ ಕೇಳಿ.

ಪ್ರತಿ ಊಟದ ನಂತರ ಉಜ್ಜಲೇಬೇಕು. ಸಂದಿಗೆ ಬಾಟಲಿ ತೊಳೆಯುವ ಬ್ರಷ್‌ನ ಮರಿಯಂಥದ್ದು ಸಿಗುತ್ತದೆ, ಅದೂ ಬೇಕು. ನಾನು ಸೋಮಾರಿತನ ಮಾಡಿದ್ದಕ್ಕೆ ಎಡಗಡೆಯ ಕೋರೆ ಹಲ್ಲಿನ ಮೇಲೆ ಬಿಳಿ ಕಲೆ ಉಳಿದಿದೆ.

ಎರಡನೇ ವರ್ಷ ಕಿತ್ತ ಹಲ್ಲಿನ ಜಾಗ ಮುಚ್ಚುತ್ತಾ ಬಂದಾಗ ತಂತಿಯ ತುದಿ ಹಿಂದಕ್ಕೆ ಜರುಗಿ ಕೆನ್ನೆಗೆ ಚುಚ್ಚತೊಡಗಿತು. ಒಂದು ಸಂಜೆ ಕುರ್ಲಾ ದಾಟಿದ ಮೇಲೆ ತಡೆಯಲಾಗಲಿಲ್ಲ. ಅವತ್ತೇ ಪರ್ಸ್‌ನಲ್ಲಿ ಮೇಣ ಇಲ್ಲ. ಲೇಡೀಸ್ ಡಬ್ಬಿಯಲ್ಲಿ ಎದುರು ಕೂತಿದ್ದ ಒಬ್ಬ ಮಾವುಶಿ ನನ್ನ ಮುಖ ನೋಡಿ ನೇಲ್ ಕಟರ್ ತೆಗೆದು ಕೊಟ್ಟರು! ಒಂದು ಕ್ಷಣ ಮನಸ್ಸಾಯಿತು, ಸುಳ್ಳು ಯಾಕೆ. ಆದರೆ ತುಂಡು ಗಂಟಲಿಗೆ ಹೋದರೆ? ಠಾಣೆಯಲ್ಲಿ ಇಳಿದು ಕ್ಲಿನಿಕ್‌ಗೆ ಓಡಿದೆ. ಕತ್ತರಿಸಲು ಎರಡು ನಿಮಿಷ.

ಕೊನೆಯ ಎಂಟು ತಿಂಗಳು ಮೇಲಿನ ಕೋರೆ ಹಲ್ಲಿನಿಂದ ಕೆಳಗಿನ ದವಡೆ ಹಲ್ಲಿಗೆ ಸಣ್ಣ ರಬ್ಬರ್. ಊಟಕ್ಕೆ ಮಾತ್ರ ತೆಗೆಯಬೇಕು, ದಿನಾ ಹೊಸದು. ಮಾಟುಂಗಾದ ಮೈಸೂರು ಅಸೋಸಿಯೇಷನ್‌ನಲ್ಲಿ ನಾಟಕ ನೋಡುತ್ತಾ ನಕ್ಕಾಗ ಪಟ್ ಅಂತ ಹರಿದು ಮುಂದಿನ ಸಾಲಿಗೆ ಹಾರಿತು. ಯಾರಿಗೆ ತಾಗಿತೋ, ನಾನು ತಲೆ ಬಗ್ಗಿಸಿ ಕೂತೆ.

ಈಗ ಆ ಕಳೆದ ಒಂದು ಅಂಕ. ಮೊದಲ ದಿನ "ಎಲ್ಲ ಸೇರಿ" ಎಂದು 48 ಸಾವಿರ ಹೇಳಿದ್ದರು. ಕ್ಲಿಪ್ ತೆಗೆದ ದಿನ ರಿಟೇನರ್ (ಸರಿಮಾಡಿದ ಹಲ್ಲು ಜರುಗದಂತೆ ಹಿಡಿದಿಡುವ ಸಾಧನ) ಬೇರೆ ಲೆಕ್ಕ ಎಂದರು. ಕೆಳಗೆ ಹಲ್ಲಿನ ಹಿಂದೆ ಅಂಟಿಸಿದ ತಂತಿ, ಮೇಲೆ ಹಾಕಿ ತೆಗೆಯುವ ಪಾರದರ್ಶಕ ಕವಚ, ಎರಡಕ್ಕೂ ಸೇರಿ 6 ಸಾವಿರ. ಅದು ಹೋಗಲಿ. ಹಲ್ಲು ಹಳೆಯ ಜಾಗಕ್ಕೆ ವಾಪಸ್ ಹೋಗಲು ನೋಡುತ್ತದೆ, ವರ್ಷಗಟ್ಟಲೆ ರಾತ್ರಿ ಹಾಕಬೇಕು ಎಂದು ಹೇಳಿದ್ದೂ ಆ ದಿನವೇ, ಅದೂ ಬಿಲ್ ಕೊಡುವಾಗ. ಶುರುವಿನಲ್ಲೇ ಹೇಳಬೇಕಿತ್ತು ಅಲ್ವಾ?

ತಪ್ಪು ನನ್ನದೂ ಇದೆ. 2024ರ ಚೌತಿಗೆ ಊರಿಗೆ ಹೋಗುವಾಗ ಕವಚದ ಡಬ್ಬಿ ಡೊಂಬಿವಲಿಯಲ್ಲೇ ಬಿಟ್ಟೆ. ಮೂರು ವಾರ ಇದ್ದು ಬಂದೆ. ವಾಪಸ್ ಬಂದು ಹಾಕಿದರೆ ಕೂರುತ್ತಿಲ್ಲ. ಮುಂದಿನ ಒಂದು ಹಲ್ಲು ಸ್ವಲ್ಪ ತಿರುಗಿತ್ತು. ಆರು ತಿಂಗಳು ಮತ್ತೆ ಕ್ಲಿಪ್ ಹಾಕಿದರೆ ಸರಿಹೋಗುತ್ತದೆ ಎಂದರು. ಬೇಡ ಎಂದೆ. ಈಗಿರುವ ಹಲ್ಲಿನ ಅಳತೆಗೇ ಹೊಸ ಕವಚ ಮಾಡಿಸಿಕೊಂಡೆ. ಡಬ್ಬಿ ಈಗ ಮೊಬೈಲ್ ಚಾರ್ಜರ್ ಪಕ್ಕದಲ್ಲಿರುತ್ತದೆ.