ಮನೆಯಲ್ಲಿ ಕಟ್ಟಿದ ಆರ್‌ಎಕ್ಸ್ 100 ಹಿಂಬದಿ ಫ್ರೇಮ್ ಮತ್ತು ಅದನ್ನು ಬೆಸೆದ ಟಿಗ್ ಇನ್ವರ್ಟರ್: ದೀರ್ಘಕಾಲದ ಬಳಕೆಯ ನಂತರದ ವಿಮರ್ಶೆ

ನಾನು ಇಲ್ಲಿ ವಿಮರ್ಶಿಸುತ್ತಿರುವುದು 200 ಆಂಪಿಯರಿನ ಒಂದು ಡಿಸಿ ಇನ್ವರ್ಟರ್ ವೆಲ್ಡಿಂಗ್ ಯಂತ್ರವನ್ನು. ಮನೆಯ ಸಿಂಗಲ್ ಫೇಸ್ ವಿದ್ಯುತ್ತಿನಲ್ಲಿ ಓಡುವ, ಟಿಗ್ (ಆರ್ಗಾನ್ ಗ್ಯಾಸಿನ ಹೊದಿಕೆಯೊಳಗೆ ಟಂಗ್‍ಸ್ಟನ್ ಸೂಜಿಯಿಂದ ಆರ್ಕ್ ಹಚ್ಚಿ, ತಂತಿಯನ್ನು ಕೈಯಿಂದ ಅದ್ದುತ್ತ ಬೆಸೆಯುವ ವಿಧಾನ) ಮತ್ತು ರಾಡ್ ವೆಲ್ಡಿಂಗ್ ಎರಡಕ್ಕೂ ಒದಗುವ, ಸೂಜಿಯನ್ನು ಲೋಹಕ್ಕೆ ಮುಟ್ಟಿಸದೆಯೇ ಕಿಡಿಯಿಂದ ಆರ್ಕ್ ಹಚ್ಚುವ ಎಚ್‌ಎಫ್ ಸ್ಟಾರ್ಟ್ ಇರುವ ಇಂಥ ಯಂತ್ರಗಳನ್ನು ಹಲವು ಕಂಪನಿಗಳು ಹೆಚ್ಚುಕಡಿಮೆ ಒಂದೇ ಬಗೆಯಲ್ಲಿ ಮಾಡಿ ಮಾರುತ್ತಿವೆ. ಆದ್ದರಿಂದ ಕೊಳ್ಳುವವರು ಕಂಪನಿಯ ಹೆಸರಿಗಿಂತ ಯಂತ್ರದ ವರ್ಗವನ್ನು ನೋಡುವುದು ಮೇಲು. ಯಮಾಹಾ ಆರ್‌ಎಕ್ಸ್ 100 ಬೈಕಿನ ತುಕ್ಕು ಹಿಡಿದ ಹಿಂಬದಿ ಫ್ರೇಮನ್ನು ಮನೆಯ ಶೆಡ್ಡಿನಲ್ಲಿಯೇ ಹೊಸದಾಗಿ ಕಟ್ಟಬೇಕೆಂದು ಇದನ್ನು ಕೊಂಡೆ. ಆ ಫ್ರೇಮ್ ಈಗಾಗಲೇ ಶಿವಮೊಗ್ಗ, ತೀರ್ಥಹಳ್ಳಿ, ಆಗುಂಬೆಯ ಕಡೆಯ ರಸ್ತೆಗಳಲ್ಲಿ ಹಲವು ಮಳೆಗಾಲಗಳನ್ನು ಕಂಡಿದೆ. ಯಂತ್ರ ಕೊಟ್ಟ ಬೆಲೆಗೆ ತಕ್ಕಂತೆ ದುಡಿದಿದೆ ಎಂದು ಧೈರ್ಯವಾಗಿ ಹೇಳಬಲ್ಲೆ. ಆದರೆ ಬೈಕು ಇಂದಿಗೂ ನೆಟ್ಟಗೆ ಓಡುತ್ತಿರುವುದರ ಮುಖ್ಯ ಶ್ರೇಯಸ್ಸು ಪೈಪು ಕತ್ತರಿಸುವ ಮೊದಲೇ ಕಟ್ಟಿಕೊಂಡ ಜಿಗ್ಗಿಗೆ, ಅಂದರೆ ಭಾಗಗಳನ್ನು ಅಳತೆಯ ಜಾಗದಲ್ಲೇ ಹಿಡಿದಿಡುವ ಚೌಕಟ್ಟಿಗೆ, ಸಲ್ಲಬೇಕು; ಈ ಕೆಲಸಕ್ಕೆ ಇಳಿಯುವವರು ಯಂತ್ರದ ಆಯ್ಕೆಗೆ ಕೊಡುವಷ್ಟೇ ಸಮಯವನ್ನು ಅದಕ್ಕೂ ಕೊಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಆರ್‌ಎಕ್ಸ್ 100 ನಮ್ಮ ದೇಶದಲ್ಲಿ 1985ರಿಂದ 1996ರವರೆಗೆ ತಯಾರಾದ 98 ಸಿಸಿಯ ಟೂ ಸ್ಟ್ರೋಕ್ ಬೈಕು. ಇವುಗಳಲ್ಲಿ ತೀರ ಎಳೆಯದಕ್ಕೂ ಮೂವತ್ತರ ಹತ್ತಿರದ ವಯಸ್ಸು. ಮಲೆನಾಡಿನಲ್ಲಿ ಇವು ಮೊದಲು ಸೋಲುವುದು ಹಿಂದಿನ ಚಕ್ರದ ಮೇಲ್ಭಾಗದಲ್ಲಿ. ಮಡ್‌ಗಾರ್ಡಿನ ಒಳಗೆ ಮೆತ್ತಿಕೊಂಡ ಕೆಸರು ತಿಂಗಳುಗಟ್ಟಲೆ ಒದ್ದೆಯಾಗಿಯೇ ಇರುತ್ತದೆ. ಬೋಲ್ಟಿನ ತೂತುಗಳಿಂದ ಪೈಪಿನೊಳಗೆ ಇಳಿದ ನೀರಿಗೆ ಹೊರಹೋಗಲು ದಾರಿಯಿರುವುದಿಲ್ಲ. ಹೊರಗಿನ ಬಣ್ಣ ಚೆನ್ನಾಗಿಯೇ ಕಾಣುತ್ತಿದ್ದರೂ ಒಳಗಿನಿಂದ ತುಕ್ಕು ಹಿಡಿದು ಪೈಪು ತೆಳುವಾಗುತ್ತ ಬರುತ್ತದೆ. ಚಿಕ್ಕ ಸುತ್ತಿಗೆಯಿಂದ ಪೈಪಿನ ಉದ್ದಕ್ಕೂ ತಟ್ಟಿದರೆ ಗಟ್ಟಿ ಭಾಗ ಗಣಗಣಿಸುತ್ತದೆ, ತುಕ್ಕು ತಿಂದ ಭಾಗ ಮಂಕಾದ ಸದ್ದು ಮಾಡುತ್ತದೆ. ನನ್ನ ಬೈಕಿನಲ್ಲಿ ಶಾಕ್ ಅಬ್ಸಾರ್ಬರಿನ ಮೇಲಿನ ಹಿಡಿತದವರೆಗೆ ಪೈಪು ಗಟ್ಟಿಯಾಗಿತ್ತು. ಅಲ್ಲಿಂದ ಹಿಂದಕ್ಕೆ, ಸೀಟಿನ ಬಾಲವನ್ನೂ ಟೇಲ್ ಲೈಟನ್ನೂ ಹೊರುವ ಭಾಗವಷ್ಟೇ ಹಾಳಾಗಿತ್ತು.

ಈ ಗಡಿ ಬಹಳ ಮುಖ್ಯ. ಒಂದೇ ಶಾಕ್ ಇರುವ ಇಂದಿನ ಬಹುತೇಕ ಬೈಕುಗಳಲ್ಲಿ ಹಿಂಬದಿ ಫ್ರೇಮ್ ಸೀಟು ಮತ್ತು ಸವಾರರ ಭಾರವನ್ನು ಮಾತ್ರ ಹೊರುತ್ತದೆ. ಎರಡು ಬದಿಗೂ ಶಾಕ್ ಇರುವ ಆರ್‌ಎಕ್ಸ್‌ನಂಥ ಬೈಕಿನಲ್ಲಿ ಹಿಂದಿನ ಚಕ್ರದ ಪೆಟ್ಟೂ ನೇರವಾಗಿ ಅದೇ ಪೈಪಿಗೆ ಬಂದು ಸೇರುತ್ತದೆ. ಶಾಕ್ ಹಿಡಿತವೇ ತುಕ್ಕು ಹಿಡಿದಿದ್ದರೆ ಅದು ಮನೆಯಲ್ಲಿ ಮಾಡುವ ಕೆಲಸವಲ್ಲವೆಂದು ನಾನು ದೃಢವಾಗಿ ನಂಬಿದ್ದೇನೆ. ಆದ್ದರಿಂದ ಶಾಕ್ ಹಿಡಿತಗಳನ್ನೂ ಅದರ ಮುಂದಿನ ಫ್ರೇಮನ್ನೂ ಮುಟ್ಟದೆ, ಹಿಂದಿನ ಬಳೆಯನ್ನು (ಸೀಟಿನ ಬಾಲದ ಕೆಳಗೆ ಬಾಗಿ ಬರುವ ಪೈಪನ್ನು) ಮಾತ್ರ ಹೊಸದಾಗಿ ಮಾಡುವುದೆಂದು ನಿಶ್ಚಯಿಸಿದೆ.

ಕಾನೂನಿನ ಕಾರಣವೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ನೋಂದಣಿ ಪತ್ರದ ವಿವರಗಳು ಬದಲಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಇದನ್ನು ಎತ್ತಿಹಿಡಿದಿದೆ. ಫ್ರೇಮಿನ ಹಿಂಭಾಗವನ್ನು ಕತ್ತರಿಸಿ ಗಿಡ್ಡ ಮಾಡಿ, ಒಬ್ಬರೇ ಕೂರುವ ಸೀಟು ಹಾಕುವ ಕೆಫೆ ರೇಸರ್ ಶೈಲಿ ನೋಡಲು ಸೊಗಸಾಗಿದ್ದರೂ ಆಸನ ಸಂಖ್ಯೆಯನ್ನೇ ಬದಲಿಸುತ್ತದೆ. ಹದಿನೈದು ವರ್ಷ ದಾಟಿದ ಬೈಕಿನ ನೋಂದಣಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕಾದ್ದರಿಂದ ಆರ್‌ಟಿಒ ತಪಾಸಣೆ ತಪ್ಪಿದ್ದಲ್ಲ. ನಾನು ಕಟ್ಟಿದ್ದು ಮೂಲದ ಉದ್ದ, ಅಗಲ, ಎತ್ತರಗಳಿಗೇ ಹೊಂದುವ ಬಳೆ. ಸ್ವಂತ ಬುದ್ಧಿಯಿಂದ ಸೇರಿಸಿದ್ದು ಒಳಗಿನ ಬಲಪಡಿಕೆ ಮತ್ತು ನೀರು ಇಳಿಯುವ ತೂತುಗಳು ಮಾತ್ರ. ಚಾಸಿ ನಂಬರು ಸ್ಟೀರಿಂಗ್ ಹೆಡ್ಡಿನ ಬಳಿ ಇರುವುದರಿಂದ ಅಲ್ಲಿಗೆ ಗ್ರೈಂಡರ್ ಹೋಗುವ ಪ್ರಸಂಗವೇ ಬರಲಿಲ್ಲ.

ಪೈಪಿನ ವಿಷಯದಲ್ಲಿ ಹಾರ್ಡ್‌ವೇರ್ ಅಂಗಡಿಯವರ ಮಾತಿಗಿಂತ ವರ್ನಿಯರನ್ನು ನಂಬಬೇಕು. ನೀರಿನ ಪೈಪು ಐಎಸ್ 1239 ಎಂಬ ಭಾರತೀಯ ಮಾನದಂಡದ ಪ್ರಕಾರ ತಯಾರಾಗುತ್ತದೆ. ಅದರಲ್ಲಿ ಒಂದು ಇಂಚು ಎಂಬುದು ಹೊರವ್ಯಾಸವನ್ನು ಹೇಳುವುದಿಲ್ಲ. ಹೊರಗಿನ ಅಳತೆ ಸುಮಾರು 33.7 ಮಿ.ಮೀ. ಬರುತ್ತದೆ, ಮೀಡಿಯಂ ದರ್ಜೆಯಲ್ಲಿ ಮೀಟರಿಗೆ 2.4 ಕಿಲೋ ತೂಗುತ್ತದೆ. ವಾಹನಗಳಿಗೆಂದೇ ಇರುವ ಮಾನದಂಡ ಐಎಸ್ 3074. ಆ ದರ್ಜೆಯ 25.4 ಮಿ.ಮೀ. ಹೊರವ್ಯಾಸದ, 2 ಮಿ.ಮೀ. ದಪ್ಪದ ಪೈಪು ಮೀಟರಿಗೆ 1.15 ಕಿಲೋ ಮಾತ್ರ. 1.6 ಮಿ.ಮೀ. ದಪ್ಪದ್ದು 0.94 ಕಿಲೋ. ನಿಮ್ಮ ಬೈಕಿನ ಮೂಲ ಪೈಪನ್ನು ಅಳೆದು ಅದೇ ಹೊರವ್ಯಾಸದ್ದನ್ನು ತರಬೇಕು. ದಪ್ಪದಲ್ಲಿ ಮಾತ್ರ ಒಂದು ಮೆಟ್ಟಿಲು ಮೇಲೆ ಹೋಗಬಹುದು.

ಆ ಮೆಟ್ಟಿಲು ಯಾಕೆ ಬೇಕೆಂಬುದನ್ನು ಲೆಕ್ಕ ಹಾಕಿಯೇ ನೋಡೋಣ. ಹಿಂದೆ ಕೂತ 75 ಕಿಲೋ ತೂಕದವರ ಭಾರ ಶಾಕ್ ಹಿಡಿತದಿಂದ 100 ಮಿ.ಮೀ. ಹಿಂದಕ್ಕೆ ಬಿದ್ದರೆ, ನಿಂತ ಬೈಕಿನಲ್ಲಿ ಸುಮಾರು 74 ನ್ಯೂಟನ್ ಮೀಟರ್ ಬಾಗುಬಲ ಉಂಟಾಗುತ್ತದೆ. ಗುಂಡಿಗೆ ಬಿದ್ದಾಗ ಅದು ಮೂರು ಪಟ್ಟಾಯಿತೆಂದು ಹಿಡಿದು, ಎರಡು ಬದಿಯ ಪೈಪುಗಳಿಗೆ ಹಂಚಿದರೆ, 1.6 ಮಿ.ಮೀ. ದಪ್ಪದ ಪೈಪಿನಲ್ಲಿ ಸುಮಾರು 165 ಮೆಗಾಪ್ಯಾಸ್ಕಲ್, 2 ಮಿ.ಮೀ. ದಪ್ಪದ್ದರಲ್ಲಿ ಸುಮಾರು 138 ಮೆಗಾಪ್ಯಾಸ್ಕಲ್ ಒತ್ತಡ ಬರುತ್ತದೆ. ಸಾಮಾನ್ಯ ಮೈಲ್ಡ್ ಸ್ಟೀಲ್ ಬಾಗಿ ಹಾಗೆಯೇ ಉಳಿದುಬಿಡುವುದು 240ರ ಆಸುಪಾಸಿನಲ್ಲಿ. ಆದರೆ ಲಕ್ಷಾಂತರ ಬಾರಿ ಮರುಕಳಿಸುವ ಪೆಟ್ಟಿಗೆ ವೆಲ್ಡಿಂಗಿನ ಅಂಚು ಅದಕ್ಕಿಂತ ಬಹಳ ಕಡಿಮೆ ಒತ್ತಡದಲ್ಲಿಯೇ ಬಿರುಕು ಬಿಡಬಲ್ಲದು. ಇನ್ನೊಂದು ಲೆಕ್ಕವನ್ನು ಕ್ಯಾರಿಯರ್ ಹಾಕಿಸುವವರು ನೆನಪಿಡಬೇಕು: ಹಿಡಿತದಿಂದ 300 ಮಿ.ಮೀ. ಹಿಂದೆ ಕಟ್ಟಿದ 25 ಕಿಲೋ ಮೂಟೆ, 100 ಮಿ.ಮೀ. ಹಿಂದೆ ಕೂತ 75 ಕಿಲೋ ತೂಕದ ಮನುಷ್ಯನಷ್ಟೇ ಪೈಪನ್ನು ಬಗ್ಗಿಸುತ್ತದೆ.

ಬಾಗುಬಲ ಅತಿ ಹೆಚ್ಚಾಗಿರುವುದು ಶಾಕ್ ಹಿಡಿತದ ಪಕ್ಕದಲ್ಲಿಯೇ. ಹಾಗಾಗಿ ಬೆಸುಗೆಯನ್ನು ಅಲ್ಲಿಂದ ಸಾಧ್ಯವಾದಷ್ಟು ಹಿಂದಕ್ಕೆ, ಆದರೆ ಗಟ್ಟಿ ಲೋಹ ಉಳಿದಿರುವ ಜಾಗದಲ್ಲಿ ಇಟ್ಟೆ. ಪೈಪನ್ನು ಅಡ್ಡಕ್ಕೆ ನೇರ ಕತ್ತರಿಸುವ ಬದಲು ಓರೆಯಾಗಿ ಕತ್ತರಿಸಿದರೆ ಕಾದು ಮೆತ್ತಗಾದ ಲೋಹವೆಲ್ಲ ಒಂದೇ ಸುತ್ತಿನಲ್ಲಿ ಬೀಳುವುದಿಲ್ಲ. ಒಳಗೆ ಬಿಗಿಯಾಗಿ ಕೂರುವಂತೆ ಲೇತಿನಲ್ಲಿ ಕಡೆಸಿದ ಚಿಕ್ಕ ಕೊಳವೆಯನ್ನು ಎರಡೂ ಕಡೆಗೆ ಪೈಪಿನ ವ್ಯಾಸದ ಒಂದೂವರೆ ಪಟ್ಟು ಇಳಿಸಿ, ಹೊರಗಿನ ಪೈಪಿನಲ್ಲಿ 8 ಮಿ.ಮೀ. ತೂತು ಕೊರೆದು ಅವುಗಳ ಮೂಲಕವೂ ಬೆಸೆದೆ.

ಬಳೆಯ ಬಗ್ಗಿಸುವಿಕೆಯನ್ನು ಮಾತ್ರ ಹೊರಗೆ ಮಾಡಿಸಿದೆ. ಆ ಸೇವೆಯ ಬಗೆಗೂ ಇಲ್ಲಿ ಹೇಳಬೇಕು. ಪ್ಲಂಬಿಂಗ್ ಕೆಲಸದ ಹೈಡ್ರಾಲಿಕ್ ಬೆಂಡರಿನ ಅಚ್ಚುಗಳು ನೀರಿನ ಪೈಪಿನ ಅಳತೆಗೆ ಮಾಡಿದವು; ತೆಳು ಪೈಪನ್ನು ಅದರಲ್ಲಿ ಒತ್ತಿದರೆ ಒಳಬದಿ ಚಪ್ಪಟೆಯಾಗಿ ಸುಕ್ಕುಗಟ್ಟುತ್ತದೆ. ಸ್ಟೀಲ್ ರೇಲಿಂಗ್ ಮಾಡುವವರ ಬಳಿ ಪೈಪನ್ನು ಅಚ್ಚಿನ ಸುತ್ತ ಎಳೆದು ಬಗ್ಗಿಸುವ ಯಂತ್ರ ಇರುತ್ತದೆ. ತ್ರಿಜ್ಯವನ್ನು ಪೈಪಿನ ವ್ಯಾಸದ ಮೂರರಿಂದ ನಾಲ್ಕು ಪಟ್ಟು ಇಟ್ಟುಕೊಂಡು, ತಂತಿಯಲ್ಲಿ ಮಾಡಿದ ಮಾದರಿಯನ್ನು ಕೊಟ್ಟು, ತುದಿಗಳನ್ನು ಬೇಕಾದ್ದಕ್ಕಿಂತ ಉದ್ದವಾಗಿ ಬಿಡಲು ಹೇಳಿದರೆ ಸಣ್ಣ ಊರಿನಲ್ಲೂ ಅಚ್ಚುಕಟ್ಟಾದ ಕೆಲಸ ಸಿಗುತ್ತದೆ. ಒಂದು ಬಳೆಗಾಗಿ ಬೆಂಡರ್ ಕೊಳ್ಳುವುದು ಹಣ ಪೋಲು.

ಇನ್ನು ಜಿಗ್. ಇದರಲ್ಲಿ ಉಳಿತಾಯ ಮಾಡಬಾರದು. ದಪ್ಪ ಸಿ-ಚಾನಲ್ಲಿನ ಮೇಲೆ ಬೈಕಿನ ಬರಿಯ ಫ್ರೇಮನ್ನು ಸ್ವಿಂಗ್ ಆರ್ಮ್ (ಹಿಂದಿನ ಚಕ್ರವನ್ನು ಹಿಡಿಯುವ ತೋಳು) ತಿರುಗುವ ಬೋಲ್ಟಿನಿಂದ ಬಿಗಿದೆ. ಉಳಿದ ಎಲ್ಲ ಅಳತೆಗೂ ಆ ಬೋಲ್ಟೇ ಆಧಾರ. ಅದರಿಂದ ಹಳೆಯ ಸೀಟಿನ ಹಿಡಿತ, ಮಡ್‌ಗಾರ್ಡಿನ ತೂತು, ಟೇಲ್ ಲೈಟಿನ ಪಟ್ಟಿ ಇವುಗಳಿಗೆ ಇರುವ ಅಂತರವನ್ನು ಎರಡೂ ಬದಿಯಿಂದ ಅಳೆದು, ಪ್ರತಿಯೊಂದು ಬಿಂದುವಿಗೂ ಆಂಗಲ್ ಕಬ್ಬಿಣದ ಕಂಬ ನಿಲ್ಲಿಸಿ, ಹಳೆಯ ಬಳೆ ಇನ್ನೂ ಜಾಗದಲ್ಲಿರುವಾಗಲೇ ಅವನ್ನು ಬೋಲ್ಟಿನಿಂದ ಹಿಡಿಸಿದೆ. ಹಳೆಯದನ್ನು ಕತ್ತರಿಸಿದ ಮೇಲೆ ಅಳೆಯಲು ಏನೂ ಉಳಿಯುವುದಿಲ್ಲ. ಸ್ಟೀರಿಂಗ್ ಹೆಡ್ಡಿನ ನಡುವಿನಿಂದ ಹಿಂದಕ್ಕೆ ಎಳೆದ ದಾರ ಮಧ್ಯರೇಖೆಯನ್ನು ಕಾಯುತ್ತದೆ. ರಸಮಟ್ಟ ಎರಡು ಬದಿಯ ಎತ್ತರವನ್ನು ಕಾಯುತ್ತದೆ. ಬೆಸುಗೆ ಆರುವಾಗ ಲೋಹ ಕುಗ್ಗಿ ಪೈಪನ್ನು ತನ್ನ ಕಡೆಗೆ ಎಳೆಯುವುದರಿಂದ ಮೊದಲು ನಾಲ್ಕು ಕಡೆ ಟ್ಯಾಕ್ (ಚುಕ್ಕೆಯಷ್ಟು ತಾತ್ಕಾಲಿಕ ಬೆಸುಗೆ) ಹಾಕಿ, ನಂತರ ಎಡಕ್ಕೊಮ್ಮೆ ಬಲಕ್ಕೊಮ್ಮೆ ಚಿಕ್ಕ ಚಿಕ್ಕ ತುಂಡುಗಳಾಗಿ ಬೆಸೆದು, ಪೂರ್ತಿ ತಣ್ಣಗಾದ ಮೇಲೆಯೇ ಜಿಗ್ಗಿನಿಂದ ಬಿಚ್ಚಬೇಕು.

ಯಂತ್ರದ ನಿಜವಾದ ಗುಣ ತಿಳಿಯುವುದು ಈ ಹಂತದಲ್ಲಿ. 2 ಮಿ.ಮೀ. ಪೈಪಿಗೆ 70ರಿಂದ 80 ಆಂಪಿಯರ್ ಸಾಕಾಗುತ್ತದೆ. 200 ಆಂಪಿಯರಿನ ಯಂತ್ರ ಅಷ್ಟರಲ್ಲಿ ಬೆವರುವುದೇ ಇಲ್ಲ, ಬೇಸಿಗೆಯ ಮಧ್ಯಾಹ್ನವೂ ಉಷ್ಣದ ಕಾರಣಕ್ಕೆ ನಿಂತದ್ದಿಲ್ಲ. ಟಿಗ್‌ನಲ್ಲಿ ಅಷ್ಟು ಕರೆಂಟಿಗೆ ಆರ್ಕಿನ ವೋಲ್ಟೇಜು 13ರ ಹತ್ತಿರ ಇರುವುದರಿಂದ ಯಂತ್ರ ಹೊರಗೆ ಕೊಡುವುದು ಒಂದು ಕಿಲೋವ್ಯಾಟಿನಷ್ಟು. ಅದೇ ಯಂತ್ರದಲ್ಲಿ 90 ಆಂಪಿಯರಿಗೆ ರಾಡ್ ಉರಿಸಿದರೆ ಎರಡು ಕಿಲೋವ್ಯಾಟ್ ದಾಟುತ್ತದೆ. ಮನೆಯ 16 ಆಂಪಿಯರ್ ಸಾಕೆಟ್ಟಿನಲ್ಲಿ ಟಿಗ್ ನಿರಾತಂಕವಾಗಿ ನಡೆಯುತ್ತದೆ, ಸಂಜೆ ವೋಲ್ಟೇಜು ಇಳಿದಾಗಲೂ ಆರ್ಕ್ ನಡುಗುವುದಿಲ್ಲ. ಟಾರ್ಚಿನ ಗುಂಡಿ ಬಿಟ್ಟ ಮೇಲೆ ಕರೆಂಟು ನಿಧಾನವಾಗಿ ಇಳಿಯುವ ಸೌಲಭ್ಯ ಈ ಯಂತ್ರದ ಅತ್ಯುತ್ತಮ ಅಂಶ. ಬೆಸುಗೆಯ ಕೊನೆಯಲ್ಲಿ ಉಳಿಯುವ ಕುಳಿಯಿಂದಲೇ ಬಿರುಕು ಹುಟ್ಟುವುದು ಹೆಚ್ಚು, ಆ ಕುಳಿಯನ್ನು ತುಂಬಲು ಇದು ಅವಕಾಶ ಕೊಡುತ್ತದೆ.

ಗ್ಯಾಸಿನ ಲೆಕ್ಕವನ್ನು ಮಾರುವವರು ಹೇಳುವುದಿಲ್ಲ. ಆರ್ಗಾನ್ ನಿಮಿಷಕ್ಕೆ 8 ಲೀಟರಿನಂತೆ ಹರಿದರೆ 7 ಘನ ಮೀಟರಿನ ದೊಡ್ಡ ಸಿಲಿಂಡರ್ ಹದಿನಾಲ್ಕು ಗಂಟೆಗೂ ಹೆಚ್ಚು ಬರುತ್ತದೆ, 1.5 ಘನ ಮೀಟರಿನ ಚಿಕ್ಕದು ಸುಮಾರು ಮೂರು ಗಂಟೆ. ಒಂದು ಹಿಂಬದಿ ಫ್ರೇಮಿಗೆ ಚಿಕ್ಕದೇ ಧಾರಾಳ. ಶೆಡ್ಡಿನ ಬಾಗಿಲಿನಿಂದ ಬೀಸುವ ಗಾಳಿ ಗ್ಯಾಸಿನ ಹೊದಿಕೆಯನ್ನು ಹಾರಿಸಿಬಿಡುತ್ತದೆ. ಮಳೆಗಾಲದಲ್ಲಿ ತಾಡಪಾಲು ಕಟ್ಟಿಕೊಳ್ಳದೆ ಟಿಗ್ ಮಾಡಲಾಗದು.

ರಾಡಿನಿಂದಲೇ ಇದನ್ನು ಮಾಡಬಹುದಲ್ಲವೇ ಎಂದು ಕೇಳುವವರಿದ್ದಾರೆ. ಗೇಟು, ಮೇಜು, ಈ ಜಿಗ್ ಎಲ್ಲವನ್ನೂ 2.5 ಮಿ.ಮೀ. 6013 ದರ್ಜೆಯ ರಾಡಿನಲ್ಲಿಯೇ ಬೆಸೆದಿದ್ದೇನೆ, ಆ ಕೆಲಸದಲ್ಲೂ ಯಂತ್ರ ಚೆನ್ನಾಗಿದೆ. ಆದರೆ ದುಂಡು ಪೈಪಿನ ಸುತ್ತ ತಿರುಗುವಾಗ ಸ್ಲ್ಯಾಗ್ (ರಾಡಿನ ಲೇಪನ ಕರಗಿ ಉಳಿಯುವ ಕಿಟ್ಟ) ಒಳಗೆ ಸಿಕ್ಕಿಕೊಳ್ಳುವ ಸಂಭವ ಹೆಚ್ಚು, ತೆಳು ಪೈಪು ತೂತಾಗುವುದೂ ಬೇಗ. ಟಿಗ್‌ನಲ್ಲಿ ಕರಗಿದ ಲೋಹದ ಕೊಳ ಕಣ್ಣಿಗೆ ಕಾಣುತ್ತದೆ. ಎರಡು ಅಂಚೂ ಕರಗಿದ್ದನ್ನು ನೋಡಿಯೇ ತಂತಿ ಅದ್ದಬಹುದು. ಜೀವ ಹೊರುವ ಬೆಸುಗೆಗೆ ಆ ನೋಟ ಬೇಕೇ ಬೇಕು. ಅದಕ್ಕೆ ಪ್ರತಿಯಾಗಿ ಟಿಗ್ ಸಂಪೂರ್ಣ ಶುಚಿತ್ವವನ್ನೂ, ಅರದಿಂದ ಉಜ್ಜಿ ಸಂದಿಲ್ಲದಂತೆ ಕೂರಿಸಿದ ಜೋಡಣೆಯನ್ನೂ ಕೇಳುತ್ತದೆ. ಚೆನ್ನಾಗಿ ಬಂದ ಬೆಸುಗೆಯನ್ನು ಅಂದಕ್ಕಾಗಿ ಗ್ರೈಂಡರಿನಿಂದ ಸಮ ಮಾಡಬಾರದು. ಹಾಗೆ ಉಜ್ಜುವಾಗ ಬೆಸುಗೆಯೇ ತೆಳುವಾಗಿಬಿಡಬಹುದು.

ಸುರಕ್ಷತೆಯ ವಿಷಯದಲ್ಲಿ ಎರಡು ಎಚ್ಚರಿಕೆಗಳು ಜೀವದ ಪ್ರಶ್ನೆ. ಕ್ಲೋರಿನ್ ಇರುವ ಬ್ರೇಕ್ ಕ್ಲೀನರಿನಿಂದ ಪೈಪು ಒರೆಸಿ ಆರ್ಕ್ ಹಚ್ಚಿದರೆ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟಬಹುದು. ಅಸಿಟೋನಿನಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಬೆಸೆಯಬೇಕು. ಸತುವಿನ ಲೇಪನವಿರುವ ಜಿಐ ಪೈಪಿನ ಹೊಗೆ ಚಳಿಜ್ವರ ತರಿಸುತ್ತದೆ, ಅದನ್ನು ಈ ಕೆಲಸಕ್ಕೆ ತರಲೇಬಾರದು. ಜೊತೆಗೆ ಎಚ್‌ಎಫ್ ಸ್ಟಾರ್ಟಿನ ಕಿಡಿ ಎಲೆಕ್ಟ್ರಾನಿಕ್ಸಿಗೆ ಹಾನಿ ಮಾಡಬಲ್ಲದಾದ್ದರಿಂದ ಬ್ಯಾಟರಿ, ಸಿಡಿಐ (ಎಂಜಿನ್ನಿಗೆ ಕಿಡಿ ಒದಗಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ), ವೈರಿಂಗ್ ಎಲ್ಲವನ್ನೂ ಬಿಚ್ಚಿಟ್ಟಿದ್ದೆ. ಎರಡೂ ತುದಿ ಮುಚ್ಚಿದ ಪೈಪಿಗೆ 3 ಮಿ.ಮೀ. ತೂತು ಇಲ್ಲದಿದ್ದರೆ ಒಳಗೆ ಕಾದ ಗಾಳಿ ಕೊನೆಯ ಬೆಸುಗೆಯನ್ನು ಹೊರಕ್ಕೆ ಊದುತ್ತದೆ. ಆ ತೂತನ್ನು ತೀರ ಕೆಳಗಿನ ಬಿಂದುವಿನಲ್ಲಿ ಇಟ್ಟು, ಮುಂದೆ ನೀರು ಇಳಿಯುವ ದಾರಿಯಾಗಿಯೂ ಉಳಿಸಿಕೊಂಡೆ.

ಬಣ್ಣ ಬಳಿಯುವ ಮೊದಲು ಡೈ ಪೆನೆಟ್ರೆಂಟ್ ಪರೀಕ್ಷೆ ಮಾಡಿದೆ. ಕೆಂಪು ದ್ರವ ಸಿಂಪಡಿಸಿ, ಒರೆಸಿ, ಬಿಳಿ ಡೆವಲಪರ್ ಹಾಕಿದರೆ ಕೂದಲೆಳೆಯ ಬಿರುಕೂ ಕೆಂಪು ಗೆರೆಯಾಗಿ ಮೂಡುತ್ತದೆ, ಒಂದೂ ಮೂಡಲಿಲ್ಲ. ಪೌಡರ್ ಕೋಟಿಂಗ್ ಬದಲು ಎಪಾಕ್ಸಿ ಪ್ರೈಮರ್ ಮೇಲೆ ಕಪ್ಪು ಪಿಯು (ಪಾಲಿಯುರೇಥೇನ್) ಬಣ್ಣವನ್ನು ಆರಿಸಿಕೊಂಡೆ, ಏಕೆಂದರೆ ಅದನ್ನು ಬೇಕಾದ ಕಡೆ ಉಜ್ಜಿ ನೋಡಿ ಮತ್ತೆ ಬಳಿಯಬಹುದು. ಒಳಗೆ ಮೇಣದಂಥ ತುಕ್ಕುನಿರೋಧಕವನ್ನು ಸಿಂಪಡಿಸಿದೆ. ಪ್ರತಿ ಮಳೆಗಾಲದ ನಂತರ ಸೀಟು ಬಿಚ್ಚಿ ಬೆಸುಗೆಯ ಅಂಚುಗಳನ್ನು ದೀಪ ಹಿಡಿದು ನೋಡುತ್ತೇನೆ: ತುಕ್ಕಿನ ಗೆರೆಯಿಲ್ಲ, ಸೀಟಿನ ಬೋಲ್ಟುಗಳು ಇಂದಿಗೂ ಕೈಯಲ್ಲೇ ತಮ್ಮ ತೂತಿಗೆ ಇಳಿಯುತ್ತವೆ. ಫ್ರೇಮ್ ಬಾಗಿದ್ದರೆ ಮೊದಲು ತಿಳಿಯುವುದು ಆ ಬೋಲ್ಟುಗಳಿಂದಲೇ.

ಯಂತ್ರದ ಕೊರತೆಗಳನ್ನೂ ಹೇಳಬೇಕು. ಜೊತೆಗೆ ಬಂದ ಟಾರ್ಚಿನ ಕೇಬಲ್ ಗಡುಸಾಗಿದೆ, ಪೈಪಿನ ಅಡಿಯಲ್ಲಿ ಮಣಿಕಟ್ಟು ನೋಯುತ್ತದೆ. ಮೆತ್ತನೆಯ ಕೇಬಲ್ಲಿನ ಚಿಕ್ಕ ಟಾರ್ಚ್ ಬೇರೆಯಾಗಿ ಕೊಳ್ಳಬೇಕಾಯಿತು. ಕಾಲಿನಿಂದ ಕರೆಂಟು ಏರಿಳಿಸುವ ಪೆಡಲ್ ಸೇರಿಸಲು ಅವಕಾಶವಿಲ್ಲ. ಅರ್ತ್ ಕ್ಲಾಂಪ್ ಹಗುರ, ಬೇಗ ಸಡಿಲವಾಗುತ್ತದೆ. ಫ್ಯಾನು ಗ್ರೈಂಡರಿನ ಕಬ್ಬಿಣದ ಪುಡಿಯನ್ನು ಒಳಕ್ಕೆ ಎಳೆಯುವುದರಿಂದ ಗ್ರೈಂಡಿಂಗ್ ಜಾಗದಿಂದ ಯಂತ್ರವನ್ನು ದೂರ ಇಡಬೇಕು, ಆಗಾಗ ಪ್ಲಗ್ ಕಿತ್ತು ಗಾಳಿ ಹೊಡೆಯಬೇಕು. ಇದು ಡಿಸಿ ಮಾತ್ರ ಆದ್ದರಿಂದ ಅಲ್ಯುಮಿನಿಯಂ ಬೆಸೆಯುವ ಆಸೆಯಿದ್ದವರು ಎಸಿ-ಡಿಸಿ ಯಂತ್ರವನ್ನೇ ನೋಡಬೇಕು, ಅದರ ಬೆಲೆ ಬಹಳ ಹೆಚ್ಚು.

ಉಕ್ಕಿನ ಫ್ರೇಮಿನ ಹಳೆಯ ಬೈಕುಗಳನ್ನು ಮನೆಯಲ್ಲಿ ಜೀರ್ಣೋದ್ಧಾರ ಮಾಡುವ ಅಭ್ಯಾಸವಿದ್ದವರಿಗೆ ಈ ವರ್ಗದ ಯಂತ್ರವನ್ನು ಸಂತೋಷದಿಂದ ಶಿಫಾರಸು ಮಾಡುತ್ತೇನೆ. ಒಂದೇ ಒಂದು ಬಳೆ ಬೆಸೆದರೆ ಸಾಕೆನ್ನುವವರು ಜಿಗ್ಗನ್ನೂ ಪೈಪನ್ನೂ ತಾವೇ ಸಿದ್ಧಪಡಿಸಿ, ಬೋಲ್ಟಿನಿಂದ ಎಲ್ಲವನ್ನೂ ಹಿಡಿಸಿ, ಜಿಗ್ಗಿನ ಸಮೇತ ಹತ್ತಿರದ ಕೈಗಾರಿಕಾ ಪ್ರದೇಶದ ಅನುಭವಿ ಟಿಗ್ ವೆಲ್ಡರ್ ಬಳಿ ಕೊಂಡೊಯ್ಯುವುದು ಒಳ್ಳೆಯದು. ಹೊಸದಾಗಿ ಯಂತ್ರ ಕೊಂಡವರು ಅದೇ ದಪ್ಪದ ಪೈಪಿನ ತುಂಡುಗಳನ್ನು ಬೆಸೆದು, ಉದ್ದಕ್ಕೆ ಸೀಳಿ, ವೈಸಿನಲ್ಲಿ ಹಿಡಿದು ಸುತ್ತಿಗೆಯಿಂದ ಬಗ್ಗಿಸಿ ನೋಡಬೇಕು. ಬೆಸುಗೆ ಬಿಡದೆ ಪೈಪೇ ಬಾಗುವಷ್ಟು ಕೈ ಪಳಗಿದ ಮೇಲೆ ಮಾತ್ರ ಬೈಕಿನ ಫ್ರೇಮಿಗೆ ಟಾರ್ಚ್ ಹಿಡಿಯಬೇಕು.