ಮನೆ ಸೋಲಾರ್: ಬ್ಯಾಟರಿ ಬೇಡವೇ, ಸೀಸದ್ದೇ, ಲಿಥಿಯಂದೇ?

ಛಾವಣಿಗೆ 3 ಕಿಲೋವ್ಯಾಟ್ ಸೋಲಾರ್ ಹಾಕಿಸುತ್ತಿದ್ದೇವೆ, ಯಾವ ಬ್ಯಾಟರಿ ತಗೊಳ್ಳೋದು ಅಂತ ಕೇಳಿದ್ದೀರಿ. ಮೊದಲು ಬ್ಯಾಟರಿ ಬೇಕೇ ಬೇಕಾ ಅಂತ ಯೋಚಿಸಿ.

ಖರ್ಚು ನೋಡಿದರೆ ಬ್ಯಾಟರಿ ಇಲ್ಲದ್ದೇ ಅಗ್ಗ. ಉಳಿದ ಕರೆಂಟ್ ಗ್ರಿಡ್‌ಗೆ, ಅಂದರೆ ಸರಬರಾಜು ಲೈನಿಗೆ, ಹೋಗುತ್ತದೆ. ಕೇಂದ್ರ ಸರ್ಕಾರದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 78,000 ರೂಪಾಯಿವರೆಗೆ ಸಬ್ಸಿಡಿಯೂ ಇದೆ. ಆದರೆ ಲೈನಿನಲ್ಲಿ ಕರೆಂಟ್ ಹೋದರೆ, ಸುಡುಬಿಸಿಲಿದ್ದರೂ ಇದು ನಿಲ್ಲುತ್ತದೆ. ನಿಮ್ಮ ಛಾವಣಿಯ ಕರೆಂಟ್ ಲೈನಿಗೆ ಹರಿದು, ಕಂಬ ಹತ್ತಿದ ಲೈನ್‌ಮನ್‌ಗೆ ಶಾಕ್ ಹೊಡೆಯಬಾರದಲ್ವಾ, ಅದಕ್ಕೆ.

ಸೀಸದ ಬ್ಯಾಟರಿಗೆ ಆರೈಕೆ ಜಾಸ್ತಿ. ಮುಚ್ಚಳ ತೆಗೆದು ಡಿಸ್ಟಿಲ್ಡ್ ವಾಟರ್ ಹಾಕುತ್ತಿರಬೇಕು, ಟರ್ಮಿನಲ್ ಮೇಲೆ ಕೂರುವ ಬಿಳಿ ಪುಡಿ ಒರೆಸಬೇಕು. ಬಾಳಿಕೆ ನಾಲ್ಕೈದು ವರ್ಷ. ಲಿಥಿಯಂಗೆ ಬೆಲೆ ಹೆಚ್ಚು, ಆದರೆ ಹತ್ತು ವರ್ಷದ ಹತ್ತಿರ ಬರುತ್ತದೆ, ನೀರಿನ ಗೊಡವೆ ಇಲ್ಲ.

ನನ್ನನ್ನು ಕಾಡುವುದು ಕಣ್ಣಿಗೆ ಕಾಣದ ಖರ್ಚು. ಸೀಸವನ್ನು ಹೆಚ್ಚುಕಡಿಮೆ ಪೂರ್ತಿ ಮರುಬಳಸಬಹುದು. ಆದರೆ ಗುಜರಿಯವರು ಬ್ಯಾಟರಿ ಒಡೆದು, ಆ್ಯಸಿಡ್ ಚರಂಡಿಗೆ ಸುರಿದು, ಸೀಸವನ್ನು ಬಯಲಲ್ಲೇ ಕರಗಿಸಿದರೆ ಆ ವಿಷ ಸುತ್ತಲಿನ ಮಕ್ಕಳ ರಕ್ತಕ್ಕೆ ಸೇರುತ್ತದೆ. ಲಿಥಿಯಂ ತೆಗೆಯಲು ಚಿಲಿಯ ಅಟಕಾಮಾ ಮರುಭೂಮಿಯಲ್ಲಿ ನೆಲದಡಿಯ ಉಪ್ಪುನೀರನ್ನು ಮೇಲೆತ್ತಿ ಬಿಸಿಲಿಗೆ ಆವಿ ಮಾಡುತ್ತಾರೆ. ಮೊದಲೇ ನೀರಿಲ್ಲದ ಸೀಮೆ ಅದು.

ಪವರ್ ಕಟ್ ಅಪರೂಪವಾದ ಊರಾದರೆ ಬ್ಯಾಟರಿ ಬಿಡಿ. ದಿನಾ ಗಂಟೆಗಟ್ಟಲೆ ಹೋಗುವ ಹಳ್ಳಿಗೆ, ದುಡ್ಡು ಹೊಂದುವುದಾದರೆ, ಲಿಥಿಯಂ. ಕೈ ಬಿಗಿಯಿದ್ದರೆ ಸೀಸದ್ದೂ ಆಗಬಹುದು. ಹಳೆಯದನ್ನು ಮಾತ್ರ ಅಂಗಡಿಗೇ ವಾಪಸ್ ಕೊಟ್ಟು ಬಿಲ್ ಪಡೆಯಿರಿ.