ಡಿವಿಡಿ ಬ್ಯಾಕಪ್: ತಡ ಆಗುವುದು ಎಲ್ಲಿ?

ಡಿವಿಡಿಗಳನ್ನು ಹಾರ್ಡ್ ಡಿಸ್ಕ್‌ಗೆ ಇಳಿಸಿ ಕುಗ್ಗಿಸುವ ಕೆಲಸ ತೆವಳುತ್ತಿದ್ದರೆ ಎಲ್ಲರೂ ಮೊದಲು ಬೈಯುವುದು ಪ್ರೊಸೆಸರನ್ನು. ಮನೆಯ ಸಮಾರಂಭಗಳ ಹಳೆಯ ಡಿಸ್ಕ್‌ಗಳನ್ನು ಹಲವು ದಾರಿಗಳಲ್ಲಿ ಇಳಿಸಿ ನೋಡಿದ ಮೇಲೆ ನನಗೆ ಅನಿಸಿದ್ದು ಬೇರೆ: ಹೆಚ್ಚಿನ ಸಲ ಕಾಯಿಸುವುದು ಡಿಸ್ಕ್ ಡ್ರೈವ್. (ಕೊಂಡ ಚಲನಚಿತ್ರದ ಡಿಸ್ಕ್‌ಗಳ ನಕಲು ತಡೆಯನ್ನು ಮುರಿಯುವುದು ಹಲವು ದೇಶಗಳಲ್ಲಿ ಕಾನೂನುಬಾಹಿರ. ಇಲ್ಲಿ ಹೇಳುತ್ತಿರುವುದು ನಮ್ಮದೇ ರೆಕಾರ್ಡಿಂಗ್‌ಗಳ ಬಗ್ಗೆ.)

ಡಿವಿಡಿಯ 1ಎಕ್ಸ್ ವೇಗ ಎಂದರೆ ಸೆಕೆಂಡಿಗೆ ಸುಮಾರು 1.385 ಎಂಬಿ. ಆ ಲೆಕ್ಕದಲ್ಲಿ 4.7 ಜಿಬಿಯ ಡಿಸ್ಕ್ ಓದಲು ಹೆಚ್ಚುಕಡಿಮೆ ಒಂದು ಗಂಟೆ ಹಿಡಿಯುತ್ತದೆ. ಡ್ರೈವ್ ಮೇಲೆ 16ಎಕ್ಸ್ ಎಂದು ಬರೆದಿದ್ದರೂ ಆ ವೇಗ ಸಿಗುವುದು ಡಿಸ್ಕ್‌ನ ಹೊರ ಅಂಚಿನಲ್ಲಿ ಮಾತ್ರ. ಒಳಸುತ್ತಿನಲ್ಲಿ ಅದರ ಅರ್ಧವೂ ಇರುವುದಿಲ್ಲ. ಇನ್ನು ಕೆಲವು ಡ್ರೈವ್‌ಗಳು ವೀಡಿಯೊ ಡಿಸ್ಕ್ ಕಂಡೊಡನೆ ಸದ್ದು ತಗ್ಗಿಸಲೆಂದು ತಾವೇ ವೇಗ ಇಳಿಸಿಕೊಳ್ಳುತ್ತವೆ. ರಿಪ್‌ಲಾಕ್ ಎನ್ನುವುದು ಇದನ್ನೇ. ನನ್ನ ಲ್ಯಾಪ್‌ಟಾಪಿನ ತೆಳು ಡ್ರೈವ್ ಈ ಜಾತಿಯದು. ಹಳೆಯ ಡೆಸ್ಕ್‌ಟಾಪ್ ಡ್ರೈವನ್ನು ಯುಎಸ್‌ಬಿ ಅಡಾಪ್ಟರ್‌ಗೆ ಸಿಕ್ಕಿಸಿದಾಗ ಅದೇ ಡಿಸ್ಕ್ ಅರ್ಧಕ್ಕಿಂತ ಕಡಿಮೆ ಸಮಯದಲ್ಲಿ ಇಳಿಯಿತು. ತಂತ್ರಾಂಶ ಬದಲಿಸಿ ಇಷ್ಟು ಲಾಭ ನನಗೆ ಎಂದೂ ಸಿಕ್ಕಿಲ್ಲ.

ಇನ್ನು ದಾರಿಗಳು. ವೀಡಿಯೊ ಕುಗ್ಗಿಸುವ ತಂತ್ರಾಂಶವಾದ ಹ್ಯಾಂಡ್‌ಬ್ರೇಕ್‌ಗೆ ನೇರವಾಗಿ ಡಿಸ್ಕನ್ನೇ ತೋರಿಸಿದರೆ ಒಂದೇ ಹೆಜ್ಜೆಯಲ್ಲಿ ಎಲ್ಲ ಮುಗಿಯುತ್ತದೆ ಎನ್ನುವುದು ಆಕರ್ಷಕ. ಆದರೆ ಓದುವುದು ಮತ್ತು ಕುಗ್ಗಿಸುವುದು ಒಂದಕ್ಕೊಂದು ಗಂಟು ಬೀಳುತ್ತವೆ. ಎರಡರಲ್ಲಿ ಯಾವುದು ನಿಧಾನವೋ ಅದರ ವೇಗಕ್ಕೆ ಇಡೀ ಕೆಲಸ ಇಳಿಯುತ್ತದೆ. ಫಲಿತಾಂಶ ಹಿಡಿಸದೆ ಸೆಟ್ಟಿಂಗ್ ಬದಲಿಸಿದರೆ ಡಿಸ್ಕನ್ನು ಮತ್ತೆ ಮೊದಲಿನಿಂದ ಓದಬೇಕು. ಮೇಕ್‌ಎಂಕೆವಿ ಎಂಬ ತಂತ್ರಾಂಶ ಮಾಡುವುದು ಇದಕ್ಕೆ ವಿರುದ್ಧ: ಎಂಪೆಗ್-2 (ಡಿವಿಡಿ ವೀಡಿಯೊದ ಮೂಲ ರೂಪ) ಚಿತ್ರವನ್ನೂ ಧ್ವನಿಯನ್ನೂ ಮುಟ್ಟದೆ ಹಾಗೆಯೇ ಎಂಕೆವಿ ಕಡತಕ್ಕೆ ಸುರಿಯುತ್ತದೆ. ಹಿಡಿಯುವುದು ಓದುವ ಸಮಯ ಮಾತ್ರ, ಗಾತ್ರವೂ ಕುಗ್ಗುವುದಿಲ್ಲ. ಹಗಲು ಡಿಸ್ಕ್‌ಗಳನ್ನು ಒಂದಾದ ಮೇಲೊಂದು ಹಾಕುತ್ತಾ ಹೋಗಿ, ರಾತ್ರಿ ಆ ಕಡತಗಳನ್ನು ಹ್ಯಾಂಡ್‌ಬ್ರೇಕ್‌ನ ಸರದಿಗೆ ಸೇರಿಸಿ ಮಲಗುವುದು ನನಗೆ ಒಗ್ಗಿದ ಕ್ರಮ. 2004ರ ನಂತರ ಹೊಸ ಆವೃತ್ತಿ ಕಾಣದ ಡಿವಿಡಿ ಶ್ರಿಂಕ್ ಇಂದಿಗೂ ಚುರುಕು, ಆದರೆ ಅದು ಮಾಡುವುದು 8.5 ಜಿಬಿಯ ಎರಡು ಪದರದ ಡಿಸ್ಕನ್ನು 4.7 ಜಿಬಿಗೆ ಹಿಂಡುವ ಕೆಲಸ. ಮತ್ತೆ ಡಿಸ್ಕ್‌ಗೇ ಬರೆಯುವವರಿಗೆ ಬಿಟ್ಟರೆ ಅದರಿಂದ ಪ್ರಯೋಜನವಿಲ್ಲ.

ಎನ್‌ಕೋಡರ್ (ವೀಡಿಯೊ ಕುಗ್ಗಿಸುವ ಸಾಧನ) ಆಯ್ಕೆಯಲ್ಲಿ ಮಾತ್ರ ನನ್ನ ನಿರೀಕ್ಷೆ ತಲೆಕೆಳಗಾಯಿತು. ಪ್ರೊಸೆಸರಿನ ಕೋರ್‌ಗಳು ಹೆಚ್ಚಿದಷ್ಟೂ ಎಕ್ಸ್265 ಎಂಬ ಎನ್‌ಕೋಡರ್ ಓಡುತ್ತದೆ ಎಂದುಕೊಂಡಿದ್ದೆ. ಆದರೆ ಅದು ಚಿತ್ರವನ್ನು ಸಾಮಾನ್ಯವಾಗಿ 64 ಪಿಕ್ಸೆಲ್ ಎತ್ತರದ ಸಾಲುಗಳಾಗಿ ಹಂಚಿಕೊಂಡು, ಸಾಲುಗಳನ್ನು ಒಂದರ ಹಿಂದೊಂದು ಹೆಜ್ಜೆ ತಪ್ಪದಂತೆ ನಡೆಸುತ್ತದೆ. ಪಾಲ್ (ಭಾರತದಲ್ಲೂ ಬಳಸಿದ ಟಿವಿ ಪದ್ಧತಿ) ಡಿವಿಡಿಯ 576 ಗೆರೆಗಳಲ್ಲಿ ಅಂಥ ಸಾಲುಗಳು ಒಂಬತ್ತೇ. ಕೆಲಸವಿಲ್ಲದ ಕೋರ್‌ಗಳು ಆಕಳಿಸುತ್ತಾ ಕೂರುತ್ತವೆ. ಸರದಿಯಲ್ಲಿ ಎರಡು ಕಡತಗಳನ್ನು ಒಟ್ಟಿಗೆ ಓಡಿಸಿದರೆ ಈ ಸೋಮಾರಿತನ ಬಹುಮಟ್ಟಿಗೆ ಹೋಗುತ್ತದೆ. ಆದರೂ ನಾನು ನಿಂತದ್ದು ಅದಕ್ಕಿಂತ ಹಳೆಯ ಎನ್‌ಕೋಡರ್ ಎಕ್ಸ್264ರ ಬಳಿ, ಮೀಡಿಯಂ ಪ್ರಿಸೆಟ್ (ವೇಗದ ಆಯ್ಕೆ), ಆರ್‌ಎಫ್ 20 (ಗುಣಮಟ್ಟದ ಅಳತೆ). ಡಿವಿಡಿ ಗಾತ್ರದ ಚಿತ್ರದಲ್ಲಿ ಎಕ್ಸ್265 ಉಳಿಸಿಕೊಡುವ ಜಾಗ ಅದಕ್ಕಾಗಿ ಕಾಯುವಷ್ಟು ದೊಡ್ಡದಲ್ಲ.

ಗ್ರಾಫಿಕ್ಸ್ ಕಾರ್ಡ್‌ನ ಎನ್‌ಕೋಡರ್ ನಿಜಕ್ಕೂ ಓಟಗಾರ. ಆದರೆ ಅದೇ ಸ್ಪಷ್ಟತೆಗೆ ಕಡತ ಕಣ್ಣಿಗೆ ಕಾಣುವಷ್ಟು ದೊಡ್ಡದಾಗುತ್ತದೆ. ಕ್ಯಾಮ್‌ಕಾರ್ಡರ್‌ನ ರೆಕಾರ್ಡಿಂಗ್‌ಗಳು ಸಾಮಾನ್ಯವಾಗಿ ಇಂಟರ್‌ಲೇಸ್ ಆಗಿರುತ್ತವೆ, ಅಂದರೆ ಪ್ರತಿ ಫ್ರೇಮ್‌ನ ಸಮ ಮತ್ತು ಬೆಸ ಗೆರೆಗಳು ಬೇರೆ ಬೇರೆ ಕ್ಷಣದವು. ಅವುಗಳ ಬಾಚಣಿಗೆ ಗೆರೆಗಳನ್ನು ತೆಗೆಯುವ ಫಿಲ್ಟರ್ ಪ್ರೊಸೆಸರ್ ಮೇಲೆಯೇ ಓಡಿದರೆ ಕಾರ್ಡ್ ಮತ್ತೆ ಕಾಯುತ್ತದೆ. ಆ ಫಿಲ್ಟರ್‌ನಲ್ಲಿ ಪ್ರತಿ ಅರ್ಧ ಚಿತ್ರವನ್ನೂ ಪೂರ್ಣ ಫ್ರೇಮ್ ಆಗಿಸುವ ಬಾಬ್ ವಿಧಾನ ಆರಿಸಿ ಸೆಕೆಂಡಿಗೆ 25ರ ಬದಲು 50 ಫ್ರೇಮ್ ಪಡೆದರೆ ಕುಣಿತ, ಓಟ ಎಲ್ಲ ನಯವಾಗಿ ಕಾಣುತ್ತವೆ, ಜೊತೆಗೆ ಕೆಲಸವೂ ಇಮ್ಮಡಿ. ಇದಕ್ಕೆ ನಾನು ಸಮಯ ಕೊಡುತ್ತೇನೆ. ಚಿತ್ರದ ಕಾಳುಕಾಳನ್ನು ಅಳಿಸುವ ಎನ್‌ಎಲ್‌ಮೀನ್ಸ್ ಫಿಲ್ಟರ್‌ಗೆ ಕೊಡುವುದಿಲ್ಲ. ಅದೊಂದನ್ನು ಆನ್ ಮಾಡಿದರೆ ಉಳಿದೆಡೆ ಗಳಿಸಿದ ವೇಗವೆಲ್ಲ ಅಲ್ಲಿಗೇ ಸೋರಿಹೋಗುತ್ತದೆ. ಧ್ವನಿಯನ್ನು ಎಸಿ3 (ಡಾಲ್ಬಿ ಡಿಜಿಟಲ್) ರೂಪದಲ್ಲಿ ಇದ್ದಂತೆಯೇ ದಾಟಿಸುವುದು ಲೇಸು.

ಗೀರು ಬಿದ್ದ ಡಿಸ್ಕ್‌ಗಳಿಗೆ ಈ ಲೆಕ್ಕಗಳು ಯಾವುವೂ ನಡೆಯುವುದಿಲ್ಲ. ಮೇಕ್‌ಎಂಕೆವಿ ಕೆಟ್ಟ ಜಾಗದಲ್ಲಿ ಸಿಕ್ಕಿಬಿದ್ದಾಗ ನಾನು ಜಿಎನ್‌ಯು ಡಿಡಿರೆಸ್ಕ್ಯೂಗೆ ಹೊರಳುತ್ತೇನೆ. ಅದು ಮೊದಲು ಚೆನ್ನಾಗಿರುವ ಭಾಗಗಳನ್ನೆಲ್ಲ ಎತ್ತಿಕೊಂಡು, ಹಟ ಹಿಡಿದ ಸೆಕ್ಟರ್‌ಗಳನ್ನು ಕೊನೆಗೆ ಇಟ್ಟುಕೊಳ್ಳುತ್ತದೆ. ಎಲ್ಲಿ ಎಷ್ಟಾಯಿತು ಎಂಬುದು ಮ್ಯಾಪ್ ಕಡತದಲ್ಲಿ ಉಳಿಯುವುದರಿಂದ, ಅದೇ ಡಿಸ್ಕನ್ನು ಇನ್ನೊಂದು ಡ್ರೈವ್‌ಗೆ ಹಾಕಿ ಬಿಟ್ಟುಹೋದ ಚೂರುಗಳನ್ನಷ್ಟೇ ಓದಿಸಬಹುದು. ಇಲ್ಲಿ ಮಾತ್ರ ಆ ನಿಧಾನದ ಲ್ಯಾಪ್‌ಟಾಪ್ ಡ್ರೈವೇ ಹಲವು ಸಲ ಗೆದ್ದಿದೆ.